ಧರ್ಮಸ್ಥಳಕ್ಕೆ ನಡೆಯುವವರ ಪಾದ: ಬೊಬ್ಬೆ ಏಳುವ ಮೊದಲು, ಎದ್ದ ಮೇಲೆ

ಶಿವರಾತ್ರಿಗೆ ಶಿವಮೊಗ್ಗದಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ನಮ್ಮ ಗುಂಪಿನಲ್ಲಿ ಔಷಧಿ ಚೀಲ ಹೊರುವ ಕೆಲಸ ನನ್ನದು. ನಾನು ವೈದ್ಯನಲ್ಲ. ಮೊದಲ ವರ್ಷ ಪಾದದಲ್ಲಿ ಎಲ್ಲರಿಗಿಂತ ಹೆಚ್ಚು ಬೊಬ್ಬೆ, ಅಂದರೆ ನೀರುಗುಳ್ಳೆ, ಎಬ್ಬಿಸಿಕೊಂಡವನು ನಾನೇ ಆಗಿದ್ದರಿಂದ ಎರಡನೇ ವರ್ಷ ಚೀಲ ನನ್ನ ಹೆಗಲಿಗೆ ಬಂತು. ಆಮೇಲೆ ಯಾರೂ ಅದನ್ನು ವಾಪಸ್ ಕೇಳಲಿಲ್ಲ.

ನಮ್ಮ ದಾರಿ ಭದ್ರಾವತಿ, ತರೀಕೆರೆ, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ. ಎಲ್ಲ ಸೇರಿ ಇನ್ನೂರು ಕಿಲೋಮೀಟರಿನ ಆಸುಪಾಸು, ಆರು ದಿನ. ಒಂದು ಕಿಲೋಮೀಟರಿಗೆ 1,300 ಹೆಜ್ಜೆ ಎಂದು ಹಿಡಿದರೂ ಎರಡೂವರೆ ಲಕ್ಷ ಹೆಜ್ಜೆ ದಾಟುತ್ತದೆ. ಕಾಲುಚೀಲದೊಳಗೆ ಒಂದು ಮಡಿಕೆ ಬಿದ್ದಿದ್ದರೆ ಅದು ಒಂದೇ ಜಾಗವನ್ನು ಅಷ್ಟು ಸಲ ಉಜ್ಜುತ್ತದೆ.

ಇಷ್ಟು ವರ್ಷ ಬೇರೆಯವರ ಪಾದ ಹಿಡಿದು ಕುಳಿತು ನಾನು ಕಂಡುಕೊಂಡದ್ದು ಒಂದೇ. ಹೆಚ್ಚಿನವರ ಕಾಲು ಕೆಡುವುದು ದೂರದಿಂದಲ್ಲ, ನಾಚಿಕೆಯಿಂದ. ಹಿಮ್ಮಡಿಯಲ್ಲಿ ಉರಿ ಶುರುವಾದಾಗ ‘ಒಂದು ನಿಮಿಷ ನಿಲ್ಲಿ’ ಎನ್ನಲು ಸಂಕೋಚ. ಗುಂಪು ಮುಂದೆ ಹೋಗುತ್ತದೆ, ವಯಸ್ಸಾದವರೇ ನಡೆಯುತ್ತಿದ್ದಾರೆ, ನಾನು ಹೇಗೆ ಕೂರುವುದು ಎಂಬ ಯೋಚನೆ. ಜೊತೆಗೆ, ಹರಕೆ ಎಂದ ಮೇಲೆ ನೋವು ಇರಲೇಬೇಕು ಎಂಬ ನಂಬಿಕೆ. ಹರಕೆಯ ಬಗ್ಗೆ ನಾನು ಮಾತನಾಡುವುದಿಲ್ಲ. ಆದರೆ ಮಂಜುನಾಥನ ಹತ್ತಿರ ನಡೆದು ಬರುತ್ತೇನೆಂದು ಹೇಳಿಕೊಂಡವರು ಮೂಡಿಗೆರೆಯಲ್ಲಿ ಬಸ್ಸು ಹತ್ತಿದ್ದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ಬೊಬ್ಬೆ ಏಳುವುದು ಹೇಗೆ

ನಮ್ಮ ಕಡೆ ಬೊಬ್ಬೆ ಎಂದರೆ ಕೂಗಾಟವೂ ಹೌದು, ನೀರುಗುಳ್ಳೆಯೂ ಹೌದು. ಎರಡನೆಯದು ಎದ್ದರೆ ಮೊದಲನೆಯದು ತಾನಾಗಿಯೇ ಬರುತ್ತದೆ. ಚರ್ಮ ಮೇಲಿನಿಂದ ತಿಕ್ಕಿ ಸವೆದು ಗುಳ್ಳೆಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವುದು ಬೇರೆ. ಬೆವರಿಗೆ ಒದ್ದೆಯಾದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಜಾರುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳ ನಡುವೆ ಬಿರುಕು ಬಿಟ್ಟು, ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಒದ್ದೆ, ಬಿಸಿ, ಜಗ್ಗಾಟ ಈ ಮೂರೂ ಸೇರಿದರೆ ಗುಳ್ಳೆ. ಒಂದನ್ನು ತೆಗೆದರೂ ಅರ್ಧ ಕೆಲಸ ಮುಗಿದಂತೆ. ಮುಂದೆ ಹೇಳುವುದೆಲ್ಲ ಈ ಮೂರನ್ನು ತಗ್ಗಿಸುವ ಉಪಾಯಗಳೇ.

ಎರಡು ತಿಂಗಳು ಮೊದಲು

ಶಿವರಾತ್ರಿ ಫೆಬ್ರವರಿ–ಮಾರ್ಚ್‌ನಲ್ಲಿ ಬರುತ್ತದೆ. ಆದ್ದರಿಂದ ಸಂಕ್ರಾಂತಿಗೂ ಮೊದಲೇ ನಡಿಗೆ ಶುರು ಮಾಡಿ. ಮೊದಲ ವಾರ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಸಾಕು. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ. ಕೊನೆಯ ಮೂರು ವಾರಗಳಲ್ಲಿ ಶನಿವಾರ ಇಪ್ಪತ್ತು, ಭಾನುವಾರ ಮತ್ತೆ ಹದಿನೈದು ಕಿಲೋಮೀಟರ್ ನಡೆಯಿರಿ. ಮುಖ್ಯವಾದದ್ದು ಭಾನುವಾರದ ನಡಿಗೆ. ದಣಿದ ಪಾದ ಮರುದಿನ ಏನು ಹೇಳುತ್ತದೆ ಎಂಬುದು ಗೊತ್ತಾಗುವುದು ಆಗಲೇ. ನಾನು ತುಂಗೆಯ ದಂಡೆಯ ರಸ್ತೆ ಹಿಡಿದು ಗಾಜನೂರಿನವರೆಗೆ ಹೋಗಿ ಬರುತ್ತೇನೆ. ಹೋಗಿ ಬರುವುದರಲ್ಲಿ ಇಪ್ಪತ್ತು ದಾಟುತ್ತದೆ. ಮೈದಾನದ ಮಣ್ಣಿನಲ್ಲಿ ಮಾತ್ರ ಸುತ್ತು ಹಾಕಿದವರು ಡಾಂಬರಿನ ಮೇಲೆ ಎರಡನೇ ದಿನವೇ ಸೋಲುತ್ತಾರೆ. ಯಾತ್ರೆಯ ದಾರಿ ಬಹುಪಾಲು ಡಾಂಬರು, ಅಭ್ಯಾಸವೂ ಅದರ ಮೇಲೆಯೇ ಆಗಲಿ.

ಈಗ ಶೂ ವಿಷಯ. ಮೊದಲ ವರ್ಷ ನಾನು ಹೊರಡುವ ಮೂರು ದಿನ ಮುಂಚೆ ಹೊಸ ಶೂ ತೆಗೆದುಕೊಂಡೆ, ಅದೂ ಬೆಳಿಗ್ಗೆ ಹತ್ತು ಗಂಟೆಗೆ, ಹಗುರವಾದ ಕಾಲಿನಲ್ಲಿ. ಅಂಗಡಿಯಲ್ಲಿ ಹೇಳಿ ಮಾಡಿಸಿದಂತೆ ಕೂತಿತ್ತು. ತರೀಕೆರೆ ತಲುಪುವ ಹೊತ್ತಿಗೆ ಪಾದ ಊದಿ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ದಿನವಿಡೀ ನಡೆದರೆ ಎಂಥವರ ಪಾದವೂ ಊದುತ್ತದೆ. ಹಾಗಾಗಿ ಶೂ ಕೊಳ್ಳಲು ಸಂಜೆ ಹೋಗಿ, ಒಂದಷ್ಟು ನಡೆದ ಮೇಲೆ ಹೋಗಿ, ಯಾತ್ರೆಯಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಎಷ್ಟೋ ಜನರಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳೇ ಉದ್ದ, ಅದನ್ನು ನೋಡಿಕೊಳ್ಳಿ. ಎರಡು ಪಾದಗಳ ಅಳತೆ ಬೇರೆ ಇದ್ದರೆ ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಿ. ಹಿಮ್ಮಡಿ ಮಾತ್ರ ಒಳಗೆ ಎದ್ದು ಕೂರಬಾರದು. ಹೊರಡುವ ಮೊದಲು ಆ ಜೋಡಿಯಲ್ಲಿ ಕನಿಷ್ಠ ನೂರು ಕಿಲೋಮೀಟರ್ ನಡೆದಿರಬೇಕು. ಬೆಲೆ ಜಾಸ್ತಿಯಾದರೆ ಒಳ್ಳೆಯದು ಎಂದೇನಿಲ್ಲ. ಹಳೆಯ ಕ್ಯಾನ್ವಾಸ್ ಶೂ ಹಾಕಿ ಒಂದೂ ಗುಳ್ಳೆಯಿಲ್ಲದೆ ಬರುವ ರೈತರು ನಮ್ಮ ಗುಂಪಿನಲ್ಲಿದ್ದಾರೆ.

ಹವಾಯಿ ಚಪ್ಪಲಿಯಲ್ಲಿ ಇಡೀ ದಾರಿ ನಡೆಯುತ್ತೇನೆ ಎನ್ನುವವರಿಗೆ ಒಂದು ಮಾತು. ಅದು ಜಾರದಂತೆ ಪ್ರತಿ ಹೆಜ್ಜೆಗೂ ಬೆರಳುಗಳು ಬಿಗಿ ಹಿಡಿಯುತ್ತವೆ. ಮೀನಖಂಡ ಮತ್ತು ಅಂಗಾಲಿನ ನರಗಳು ಹಿಡಿದುಕೊಳ್ಳುವುದು ಅದಕ್ಕೇ. ತಂಗುವ ಜಾಗದಲ್ಲಿ ಹಾಕಲು ಮಾತ್ರ ಅದನ್ನು ಇಟ್ಟುಕೊಳ್ಳಿ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆದರೆ ಅಡ್ಡಿಯಿಲ್ಲ, ಮಧ್ಯಾಹ್ನದ ಬಿಸಿಲಿಗೆ ಶೂಗಿಂತ ಅದೇ ವಾಸಿ. ಆದರೆ ಪಟ್ಟಿ ತಾಗುವ ಜಾಗಕ್ಕೆ ಮೊದಲೇ ಟೇಪ್ ಹಾಕಿರಬೇಕು.

ಕಾಲುಚೀಲದ ಬಗ್ಗೆ ನಮ್ಮವರು ಉಪ್ಪಿನಕಾಯಿಯಷ್ಟೂ ಯೋಚಿಸುವುದಿಲ್ಲ. ಶುದ್ಧ ಹತ್ತಿಯದು ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಂಡು, ಒದ್ದೆ ಬಟ್ಟೆಯಂತೆ ಮುದುಡುತ್ತದೆ. ಪಾಲಿಯೆಸ್ಟರ್, ನೈಲಾನ್ ಬೆರೆತದ್ದು ಅಥವಾ ತೆಳು ಉಣ್ಣೆಯದು ಬೇಗ ಒಣಗುತ್ತದೆ. ಮೂರು ಜೋಡಿ ಇರಲಿ: ಒಂದು ಕಾಲಿನಲ್ಲಿ, ಒಂದು ಚೀಲದ ಹೊರಗೆ ಪಿನ್ನಿಗೆ ಒಣಗಲು, ಒಂದು ರಾತ್ರಿಗೆ. ಬೆರಳ ತುದಿಯ ಹೊಲಿಗೆ ಚುಚ್ಚಿದರೆ ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ, ನೋಡುವವರು ಯಾರೂ ಇಲ್ಲ. ಬೆರಳುಗಳ ನಡುವೆ ಗುಳ್ಳೆ ಏಳುವವರಿಗೆ ಬೆರಳು ಬೆರಳಿಗೂ ಗೂಡಿರುವ ಕಾಲುಚೀಲ ಸಿಗುತ್ತದೆ, ಪ್ರಯೋಜನವಾಗುತ್ತದೆ.

ಹೊರಡುವ ವಾರ

ಉಗುರನ್ನು ಹೊರಡುವ ಮೂರು ನಾಲ್ಕು ದಿನ ಮೊದಲೇ ಕತ್ತರಿಸಿ, ನೇರವಾಗಿ ಕತ್ತರಿಸಿ. ಮೂಲೆಗಳನ್ನು ಅಗೆದರೆ ಉಗುರು ಮಾಂಸದೊಳಕ್ಕೆ ಬೆಳೆಯುತ್ತದೆ. ಹಿಂದಿನ ರಾತ್ರಿ ಕತ್ತರಿಸಿದರೆ ಚೂಪಾದ ಅಂಚು ಪಕ್ಕದ ಬೆರಳನ್ನು ಕೊಯ್ಯುತ್ತದೆ.

ಹಿಮ್ಮಡಿ ಒಡಕಿಗೆ ಮಲೆನಾಡಿನ ಮದ್ದು ಮುರುಗಲ ತುಪ್ಪ, ಅಂದರೆ ಪುನರ್ಪುಳಿ (ಕೋಕಂ) ಬೀಜದಿಂದ ತೆಗೆದ ಕೊಬ್ಬು. ನಮ್ಮ ಅಜ್ಜಿ ಗೋಡೆಗೂಡಿನಲ್ಲಿ ಅದರ ಉಂಡೆಯನ್ನು ಇಟ್ಟಿರುತ್ತಿದ್ದರು, ಮೇಣದ ಹಾಗೆ ಗಟ್ಟಿ, ಬಿಳಿ. ಅದು ಕರಗುವುದು 38–40 ಡಿಗ್ರಿಯಲ್ಲಿ. ಹಾಗಾಗಿ ತುಣುಕನ್ನು ಚಮಚದಲ್ಲಿಟ್ಟು ದೀಪಕ್ಕೆ ಹಿಡಿದು ಕರಗಿಸಿ, ಬಿರುಕಿನೊಳಗೆ ಬಿಡುತ್ತಿದ್ದರು. ಅಲ್ಲೇ ಹೆಪ್ಪುಗಟ್ಟಿ ಬಿರುಕನ್ನು ಮುಚ್ಚಿಕೊಳ್ಳುತ್ತಿತ್ತು. ಹಚ್ಚುವ ಮುನ್ನ ಬಿಸಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಕುದಿಯುವುದನ್ನು ಸುರಿಯಬೇಡಿ. ಹೊರಡುವ ಎರಡು ಮೂರು ವಾರ ಮೊದಲಿನಿಂದ ಪ್ರತಿ ರಾತ್ರಿ ಹಚ್ಚಿ, ಹಳೆಯ ಕಾಲುಚೀಲ ಹಾಕಿ ಮಲಗಿ. ಗಟ್ಟಿ ಕಟ್ಟಿದ ಚರ್ಮವನ್ನು ಸ್ನಾನದ ಕೊನೆಗೆ ಕಲ್ಲಿನಿಂದ ಮೆಲ್ಲಗೆ ತಿಕ್ಕಿ, ಬ್ಲೇಡಿನಿಂದ ಕೆತ್ತಬೇಡಿ. ಪೂರ್ತಿ ತೆಗೆಯುವುದೂ ಬೇಡ, ಸ್ವಲ್ಪ ದಪ್ಪ ಚರ್ಮ ನಿಮ್ಮ ಪರವಾಗಿಯೇ ಇರುತ್ತದೆ. ದಪ್ಪ ಮತ್ತು ಬಿರುಸು ಎರಡೂ ಸೇರಿದ ಚರ್ಮದ ಅಡಿಯಲ್ಲಿ ಎದ್ದ ಗುಳ್ಳೆ ಮಾತ್ರ ಕಷ್ಟ, ಸೂಜಿಗೂ ಸಿಗುವುದಿಲ್ಲ.

ಹೆಂಗಸರಿಗೆ ಯಾರೂ ಹೇಳದ ಸಂಗತಿ ಕಾಲುಂಗುರದ್ದು. ಪಾದ ಊದಿದಾಗ ಅದು ಬೆರಳನ್ನು ಬಿಗಿಯುತ್ತದೆ, ಶೂ ಒಳಗೆ ಎರಡೂ ಪಕ್ಕದ ಬೆರಳುಗಳನ್ನು ಕೊರೆಯುತ್ತದೆ. ತೆಗೆದಿಡಲು ಮನಸ್ಸಿದ್ದರೆ ತೆಗೆದಿಡಿ. ಇಲ್ಲದಿದ್ದರೆ ಸುತ್ತು ಬಿಚ್ಚಿ ಸಡಿಲ ಮಾಡಿಸಿ, ಮೇಲೆ ಕಾಗದದ ಟೇಪಿನ ಎರಡು ಸುತ್ತು ಹಾಕಿ. ನಮ್ಮ ಜೊತೆಯ ಒಬ್ಬರಿಗೆ ಚಿಕ್ಕಮಗಳೂರಿನಲ್ಲಿ ಸೋಪಿನ ನೀರು ಹಾಕಿ ಹಾಕಿ ಉಂಗುರ ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಬೆಳಗಿನ ಜಾವ, ಹೊರಡುವ ಮುನ್ನ

ಹತ್ತು ನಿಮಿಷ ಪಾದಕ್ಕೆ ಮೀಸಲಿಡಿ. ಅಭ್ಯಾಸದ ನಡಿಗೆಯಲ್ಲಿ ಎಲ್ಲಿ ಕೆಂಪಾಗುತ್ತಿತ್ತೋ ಅಲ್ಲಿ ಮೊದಲೇ ಟೇಪ್ ಹಾಕಿ. ಔಷಧಿ ಅಂಗಡಿಯಲ್ಲಿ ಸಿಗುವ ಅಗ್ಗದ ಕಾಗದದ ಸರ್ಜಿಕಲ್ ಟೇಪ್ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ದೂರ ಓಟಗಾರರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇದೇ ಟೇಪ್ ಹಾಕಿದ ಜಾಗಗಳಲ್ಲಿ ಗುಳ್ಳೆ ಶೇ 40ರಷ್ಟು ಕಡಿಮೆಯಾಗಿತ್ತು. ಚರ್ಮ ಪೂರ್ತಿ ಒಣಗಿರಲಿ, ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿ, ಒಂದೂ ಸುಕ್ಕು ಇರದಂತೆ ಅಂಗೈಯಿಂದ ಒತ್ತಿ. ಮೂಲೆ ಚೌಕವಾಗಿದ್ದರೆ ಅಲ್ಲಿಂದಲೇ ಸುರುಳಿ ಏಳುತ್ತದೆ.

ಟೇಪ್ ಇಲ್ಲದ ಕಡೆ, ಬೆರಳ ಸಂದಿಗೆ, ತೊಡೆಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಒಂದೇ ಜಾಗಕ್ಕೆ ಜೆಲ್ಲಿಯೂ ಟೇಪೂ ಬೇಡ, ಟೇಪ್ ನಿಲ್ಲುವುದಿಲ್ಲ. ತೆಂಗಿನೆಣ್ಣೆ ಬೆಳಗಿನ ಚಳಿಗೆ ಚೆನ್ನಾಗಿರುತ್ತದೆ. ಬಿಸಿಲೇರಿದಂತೆ ಕಾಲುಚೀಲಕ್ಕೆ ಇಳಿದುಹೋಗುತ್ತದೆ. ಪೌಡರ್ ಹಾಕುವುದಾದರೆ ತೆಳುವಾಗಿ ಸಾಕು, ಜಾಸ್ತಿಯಾದರೆ ಬೆವರಿನಲ್ಲಿ ಕಲಸಿ ಹಿಟ್ಟಾಗಿ ಕೂರುತ್ತದೆ.

ದಾರಿಯಲ್ಲಿ

ಪ್ರತಿ ಒಂದೂವರೆ ಗಂಟೆಗೊಮ್ಮೆ ಶೂ ಮತ್ತು ಕಾಲುಚೀಲ ಎರಡನ್ನೂ ಬಿಚ್ಚಿ ಹತ್ತು ನಿಮಿಷ ಗಾಳಿಗೆ ಬಿಡಿ. ಕಾಲನ್ನು ಚೀಲದ ಮೇಲೋ ಕಟ್ಟೆಯ ಮೇಲೋ ಎತ್ತರದಲ್ಲಿಡಿ. ಮಧ್ಯಾಹ್ನ ಕಾಲುಚೀಲ ಬದಲಿಸಿ. ಶೂ ಒಳಗೆ ಕೈಹಾಕಿ ಮರಳು, ಎಲೆಚೂರು ತೆಗೆಯಿರಿ.

ಈ ನಡುವೆ ಎಲ್ಲಾದರೂ ‘ಬೆಚ್ಚಗಿದೆ’ ಅನಿಸಿದರೆ ಮುಂದಿನ ನಿಲ್ದಾಣದವರೆಗೆ ಕಾಯಬೇಡಿ. ಉರಿ ಕಾಣಿಸಿದ್ದಕ್ಕೂ ಗುಳ್ಳೆ ಏಳುವುದಕ್ಕೂ ನಡುವೆ ಸಿಗುವ ಸಮಯ ಬಹಳ ಕಡಿಮೆ. ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ಕೆಂಪಾದ ಜಾಗ ಒರೆಸಿ, ಒಣಗಿಸಿ, ಟೇಪ್ ಹಾಕಿ ಎದ್ದರೆ ನಾಲ್ಕೈದು ನಿಮಿಷದ ಕೆಲಸ. ನಮ್ಮ ಗುಂಪಿನಲ್ಲಿ ಈಗ ನಿಯಮವಿದೆ: ಯಾರಾದರೂ ‘ಉರಿ’ ಎಂದರೆ ಎಲ್ಲರೂ ನಿಲ್ಲಬೇಕು, ಯಾರೂ ನಗಬಾರದು. ನಿಯಮ ಬಂದ ಮೊದಲ ವರ್ಷ ಇಡೀ ದಾರಿಯಲ್ಲಿ ಅದನ್ನು ಮೊದಲು ಹೇಳಿದವರು ಗುಂಪಿನ ಅತಿ ಹಿರಿಯರು. ಅವರು ಬಾಯಿ ಬಿಟ್ಟ ಮೇಲೆ ಹುಡುಗರು ಒಬ್ಬೊಬ್ಬರಾಗಿ ಶೂ ಬಿಚ್ಚಿದರು. ಅಲ್ಲಿದ್ದ ಒಂಬತ್ತು ಜನರಲ್ಲಿ ಐವರ ಹಿಮ್ಮಡಿ ಕೆಂಪಾಗಿತ್ತು.

ದಾರಿಯ ಸೇವಾ ಶಿಬಿರಗಳಲ್ಲಿ ಮಜ್ಜಿಗೆ, ಪಾನಕ, ಕಾಲಿಗೆ ಎಣ್ಣೆ ಹಚ್ಚುವವರ ಪ್ರೀತಿ ಎಲ್ಲವೂ ಸಿಗುತ್ತದೆ. ತೆಗೆದುಕೊಳ್ಳಿ. ಆದರೆ ತಿಕ್ಕುವ ಮೊದಲು ಟೇಪ್ ಇರುವ ಜಾಗ ಬಿಡಲು ಹೇಳಿ, ಎಣ್ಣೆಯನ್ನು ಒರೆಸಿಯೇ ಶೂ ಹಾಕಿ. ಯಾರೋ ಕೈಗಿತ್ತ ನೋವಿನ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ, ನೀರು ಕುಡಿಯದ ಮೈಯಲ್ಲಿ ನುಂಗಬೇಡಿ. ಡೈಕ್ಲೋಫೆನಾಕ್‌ನಂಥವು ಆಗ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಬೊಬ್ಬೆ ಎದ್ದ ಮೇಲೆ

ಚಿಕ್ಕದಾಗಿದ್ದು ನೋಯದಿದ್ದರೆ ಮುಟ್ಟಬೇಡಿ. ಸುತ್ತ ದಪ್ಪ ಹತ್ತಿಬಟ್ಟೆಯ ಬಳೆ ಕತ್ತರಿಸಿ ಅಂಟಿಸಿ, ಭಾರ ಅಂಚಿಗೆ ಬೀಳುವಂತೆ ಮಾಡಿದರೆ ತಾನೇ ಇಂಗುತ್ತದೆ. ದೊಡ್ಡದಾಗಿ, ಹೆಜ್ಜೆ ಊರುವ ಜಾಗದಲ್ಲೇ ಇದ್ದು, ನಡೆದರೆ ಒಡೆಯುವುದು ಖಂಡಿತ ಎನ್ನುವಾಗ ಮಾತ್ರ ನೀರು ತೆಗೆಯಬೇಕು.

ಕೊಟ್ಟಿಗೆಹಾರದಲ್ಲಿ ಒಂದು ರಾತ್ರಿ ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ. ಹೊರಗೆ ಮಂಜು, ಶಾಲೆಯ ಜಗಲಿಯಲ್ಲಿ ನಾವು. ಹುಡುಗನೊಬ್ಬನ ಎಡ ಹಿಮ್ಮಡಿಯ ಪಕ್ಕ ನೆಲ್ಲಿಕಾಯಿ ಗಾತ್ರದ ಗುಳ್ಳೆ, ತಿಳಿನೀರು. ಒಬ್ಬರು ಮೊಬೈಲ್ ಬೆಳಕು ಹಿಡಿದರು. ಮೊದಲು ನನ್ನ ಕೈಗೆ ಸೋಪು, ಆಮೇಲೆ ಅವನ ಪಾದಕ್ಕೆ. ಒಣ ಬಟ್ಟೆಯಿಂದ ಒತ್ತಿ ಒರೆಸಿ, ಗುಳ್ಳೆಯ ಮೇಲೂ ಸುತ್ತಲೂ ಸೋಂಕು ತಡೆಯುವ ಪೊವಿಡೋನ್ ಅಯೋಡಿನ್ ಸವರಿ ಎರಡು ನಿಮಿಷ ಒಣಗಲು ಬಿಟ್ಟೆ. ಅಂಗಡಿಯಿಂದ ತಂದ, ಮುಚ್ಚಿದ ಪೊಟ್ಟಣದ ಸೂಜಿಯನ್ನು ಆಗಲೇ ಒಡೆದೆ. ಗುಳ್ಳೆಯ ಮಧ್ಯಕ್ಕಲ್ಲ, ಬುಡದ ಅಂಚಿಗೆ, ನೆಲದ ಕಡೆಯ ಬದಿಯಲ್ಲಿ ಎರಡು ತೂತು. ಸೂಜಿ ಚರ್ಮಕ್ಕೆ ಸಮಾನಾಂತರವಾಗಿ ಹೋಗಬೇಕು, ಆಗ ನೋಯುವುದಿಲ್ಲ. ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿದಾಗ ನೀರು ಇಳಿಯಿತು. ಮೇಲಿನ ಚರ್ಮವನ್ನು ಕೀಳಲಿಲ್ಲ. ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಇಲ್ಲ. ಮೇಲೆ ಮುಲಾಮು, ಅಂಟಿಕೊಳ್ಳದ ಗಾಜ್, ಸುತ್ತ ಟೇಪ್. ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಬಿಚ್ಚಿ ನೋಡಿದೆ, ಸ್ವಲ್ಪ ತುಂಬಿಕೊಂಡಿತ್ತು. ಇನ್ನೊಮ್ಮೆ ಒತ್ತಿ, ಹೊಸ ಪಟ್ಟಿ ಕಟ್ಟಿದೆ. ಹುಡುಗ ಘಾಟಿ ಇಳಿದ.

ನಮ್ಮ ದಾರಿಯಲ್ಲಿ ಪ್ರತಿ ವರ್ಷ ಕಾಣುವ ತಪ್ಪು ದಾರ ಬಿಡುವುದು: ಸೂಜಿಗೆ ದಾರ ಪೋಣಿಸಿ ಗುಳ್ಳೆಯ ಆಚೆಯಿಂದ ಈಚೆಗೆ ತೆಗೆದು, ನೀರು ಸೋರಲಿ ಎಂದು ದಾರವನ್ನು ಒಳಗೇ ಬಿಡುತ್ತಾರೆ. ನೀರು ಹೊರಗೆ ಬರುವ ದಾರಿಯಲ್ಲೇ ಕೊಳೆ ಒಳಗೆ ಹೋಗುತ್ತದೆ. ಅರಿಸಿನ ಪುಡಿ, ಟೂತ್‌ಪೇಸ್ಟ್, ಬೂದಿ ಕೂಡ ಬೇಡ. ರಕ್ತ ತುಂಬಿದ ಗುಳ್ಳೆಗೆ ಸೂಜಿಯನ್ನೇ ತೋರಿಸಬೇಡಿ. ಸುತ್ತಲಿನ ಕೆಂಪು ಹರಡುತ್ತಿದ್ದರೆ, ಕೀವು ಕಂಡರೆ, ಕೆಂಪು ಗೆರೆ ಕಾಲಿನ ಮೇಲಕ್ಕೆ ಹತ್ತುತ್ತಿದ್ದರೆ, ತೊಡೆಸಂದಿಯಲ್ಲಿ ಗಡ್ಡೆ ಅಥವಾ ಜ್ವರ ಬಂದರೆ ಯಾತ್ರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ಮೂಳೆ ನೋಯುತ್ತಿದ್ದರೂ ಅಷ್ಟೇ, ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು.

ರಾತ್ರಿ ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಕಾಲಿಡುವುದು ಎಲ್ಲರಿಗೂ ಇಷ್ಟ. ಹತ್ತು ನಿಮಿಷ ಸಾಕು, ಉಗುರುಬೆಚ್ಚಗಿದ್ದರೆ ಸಾಕು. ಒಡೆದ ಗುಳ್ಳೆ ಇದ್ದರೆ ಬೇಡ. ಅರ್ಧ ಗಂಟೆ ನೆನೆಸಿದರೆ ಚರ್ಮ ಮೆತ್ತಗಾಗಿ ನಾಳೆಯ ಗುಳ್ಳೆಗೆ ಹದವಾಗುತ್ತದೆ. ಬೆರಳ ಸಂದಿ ಒರೆಸಿ ಒಣಗಿಸಿ, ಕಾಲನ್ನು ಗೋಡೆಗೆ ಎತ್ತಿಟ್ಟು ಇಪ್ಪತ್ತು ನಿಮಿಷ ಮಲಗಿ.

ಬರಿಗಾಲಿನವರಿಗೆ, ಸಕ್ಕರೆ ಕಾಯಿಲೆಯವರಿಗೆ

ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರಿಗೆ ಎರಡು ತಿಂಗಳ ಅಭ್ಯಾಸ ಸಾಲದು. ಮೂರು ನಾಲ್ಕು ತಿಂಗಳ ಮೊದಲೇ ಅಂಗಳದಲ್ಲಿ, ಮಣ್ಣುದಾರಿಯಲ್ಲಿ, ಆಮೇಲೆ ಡಾಂಬರಿನಲ್ಲಿ ಶುರು ಮಾಡಿ. ಬೇಸಿಗೆಯ ಮಧ್ಯಾಹ್ನ ಡಾಂಬರು 50 ಡಿಗ್ರಿ ದಾಟುತ್ತದೆ, ಅದು ತಿಕ್ಕಾಟದ ಗುಳ್ಳೆಯಲ್ಲ, ಸುಟ್ಟ ಗಾಯ. ಆದ್ದರಿಂದ ರಾತ್ರಿ ಮೂರಕ್ಕೆ ಹೊರಟು ಹತ್ತರೊಳಗೆ ನಿಲ್ಲಿಸಿ, ಸಂಜೆ ಐದರ ಮೇಲೆ ಮತ್ತೆ ಹೊರಡಿ. ಟಾರ್ಚ್ ಇರಲಿ. ಧನುರ್ವಾಯು ಚುಚ್ಚುಮದ್ದು ಹೊರಡುವ ಮೊದಲೇ ಆಗಿರಲಿ.

ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನ ಯೋಚನೆಯನ್ನೇ ಬಿಡಿ. ಪಾದದ ಸ್ಪರ್ಶ ಕುಂದಿದ್ದರೆ ಉರಿಯೇ ಗೊತ್ತಾಗುವುದಿಲ್ಲ. ಮೇಲೆ ಹೇಳಿದ ಎಚ್ಚರಿಕೆಯ ಗಂಟೆ ಅವರಿಗೆ ಬಾರಿಸುವುದೇ ಇಲ್ಲ. ವೈದ್ಯರ ಬಳಿ ಪಾದ ಪರೀಕ್ಷೆ ಮಾಡಿಸಿಕೊಂಡು, ಅವರು ಒಪ್ಪಿದರೆ ಮಾತ್ರ ಹೊರಡಿ. ಪ್ರತಿ ನಿಲುಗಡೆಯಲ್ಲಿ ಜೊತೆಯವರಿಂದ ಅಂಗಾಲು ನೋಡಿಸಿ, ಬಿಸಿನೀರಿನಲ್ಲಿ ಕಾಲಿಡಬೇಡಿ, ಗುಳ್ಳೆಗೆ ನೀವಾಗಿ ಸೂಜಿ ಹಾಕಬೇಡಿ.

ಕಾಡಿನ ಬದಿಯಲ್ಲಿ ಕೂರುವಾಗ

ಶೂ ಬಿಚ್ಚಿ ಕೂರಿ ಎಂದೆನಲ್ಲ, ಎಲ್ಲಿ ಎಂಬುದನ್ನೂ ಹೇಳಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗಿನ ಕಾಟ ಡಿಸೆಂಬರಿನಿಂದ ಮೇವರೆಗೆ, ಅಂದರೆ ಯಾತ್ರೆಯ ಕಾಲಕ್ಕೇ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ದಾರಿ ಹಿಡಿಯುವವರು ಮರದಡಿಯ ತರಗೆಲೆಯ ಮೇಲೆ ಬರಿಗಾಲು ಚಾಚಿ ಮಲಗಬೇಡಿ. ಕಟ್ಟೆ, ಮೋರಿ, ಬಸ್ ತಂಗುದಾಣ ಹುಡುಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಕಾಲಿನ ಹರಡು (ಗಿಣ್ಣು), ಮಂಡಿಯ ಹಿಂದೆ, ತೊಡೆಸಂದಿ ನೋಡಿಕೊಳ್ಳಿ. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಊರಿಗೆ ಬಂದ ಮೇಲೆ ಜ್ವರ, ತಲೆನೋವು ಬಂದರೆ ಕಾಡಿನ ದಾರಿಯಲ್ಲಿ ನಡೆದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಂಬಳದ (ಜಿಗಣೆಯ) ಭಯ ಮಳೆಗಾಲದವರಿಗೆ, ಶಿವರಾತ್ರಿಗೆ ಅದು ಲೆಕ್ಕಕ್ಕಿಲ್ಲ.

ಚಾರ್ಮಾಡಿ ಇಳಿಯುವಾಗ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟವರಿಗೆ ಇನ್ನೇನು ಇಳಿಜಾರು, ಕಷ್ಟ ಮುಗಿಯಿತು ಅನಿಸುತ್ತದೆ. ಉಗುರುಗಳಿಗೆ ಕಷ್ಟ ಶುರುವಾಗುವುದೇ ಇಲ್ಲಿ. ಇಪ್ಪತ್ತು ಕಿಲೋಮೀಟರಿನಷ್ಟು ದಾರಿ ಪಾದ ಮುಂದಕ್ಕೆ ಜಾರಿ ಜಾರಿ ಬೆರಳ ತುದಿ ಶೂಗೆ ಕುಟ್ಟುತ್ತದೆ. ಮೇಲೆಯೇ ನಿಂತು ಲೇಸ್ ಪೂರ್ತಿ ಬಿಚ್ಚಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ. ಬೆರಳ ಕಡೆ ಸಡಿಲ, ಹರಡಿನ ಕಡೆ ಬಿಗಿಯಾಗಿ ಕಟ್ಟಿ. ಶೂವಿನ ಅತಿ ಮೇಲಿನ ಹೆಚ್ಚುವರಿ ತೂತು ಇರುವುದು ಇದಕ್ಕೇ: ಅದರಲ್ಲಿ ಲೇಸಿನಿಂದ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ ಎಳೆದರೆ ಹಿಮ್ಮಡಿ ಅಲುಗುವುದಿಲ್ಲ. ಮಂಡಿ ಸ್ವಲ್ಪ ಮಡಿಸಿ, ಗಿಡ್ಡ ಹೆಜ್ಜೆ ಇಡಿ. ಕೋಲಿದ್ದರೆ ಒಳ್ಳೆಯದು. ಓಡಬೇಡಿ, ಓಡಿದವರು ಉಜಿರೆಯಲ್ಲಿ ಕುಂಟುವುದನ್ನು ನೋಡುತ್ತೀರಿ.

ತಲುಪಿದ ಮೇಲೆ

ನೇತ್ರಾವತಿಯಲ್ಲಿ ಎಲ್ಲರೂ ಮುಳುಗು ಹಾಕುತ್ತಾರೆ, ಸಾವಿರಾರು ಜನ. ತೆರೆದ ಗಾಯವಿದ್ದರೆ ತಲೆಯ ಮೇಲೆ ನೀರು ಹಾಕಿಕೊಂಡು ಬನ್ನಿ. ಇಳಿದೇ ಇಳಿಯುತ್ತೇನೆ ಎಂದರೆ, ಬಂದ ತಕ್ಷಣ ಶುದ್ಧ ನೀರು, ಸೋಪಿನಿಂದ ತೊಳೆದು, ಅಯೋಡಿನ್ ಹಚ್ಚಿ ಹೊಸ ಪಟ್ಟಿ ಕಟ್ಟಿ. ವಾಪಸ್ ಬರುವ ಬಸ್ಸಿನಲ್ಲಿ ಕಾಲು ತೂಗುಬಿಟ್ಟು ಕೂತರೆ ಊತ ಹೆಚ್ಚುತ್ತದೆ, ಚೀಲದ ಮೇಲೆ ಇಟ್ಟುಕೊಳ್ಳಿ.

ಕಪ್ಪಾದ ಉಗುರನ್ನು ಕೀಳಬೇಡಿ. ಅಡಿಯಲ್ಲಿ ಹೊಸದು ಬಂದ ಹಾಗೆ ಹಳೆಯದು ತಾನೇ ಬಿಡುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ವರ್ಷದಿಂದ ಒಂದೂವರೆ ವರ್ಷ ಬೇಕು. ನನ್ನ ಬಲಗಾಲಿನದು ಎರಡನೇ ಯಾತ್ರೆಗೆ ಹೊರಟಾಗ ಮುಕ್ಕಾಲಷ್ಟೇ ಬಂದಿತ್ತು, ಅದರ ಮೇಲೆ ಎರಡು ಸುತ್ತು ಟೇಪ್ ಹಾಕಿಕೊಂಡು ಹೋಗಿದ್ದೆ.